ಕನ್ನಡದ ಗುಪ್ತಲಿಪಿ ಬಿಡಿಸಲು ಹೋದರೆ ಡಬ್ಬಿ ಯಾಕೆ ಬರುತ್ತದೆ?

ಪ್ರಶ್ನೆ: ಅಕ್ಷರಗಳನ್ನು ಮೂರು ಮನೆ ಮುಂದೆ ಸರಿಸಿ ಬರೆದದ್ದನ್ನು ಬಿಡಿಸಲು ಪೈಥಾನ್‌ನಲ್ಲಿ ಸಣ್ಣ ಪ್ರೋಗ್ರಾಂ ಬರೆದಿದ್ದೇನೆ. ಇಂಗ್ಲಿಷ್‌ಗೆ ಸರಿಯಾಗಿ ಓಡುತ್ತದೆ. ಗೆಳೆಯ ವರ್ಣಮಾಲೆ ನೋಡಿಕೊಂಡು ಕೈಯಲ್ಲೇ ಬರೆದ ಕನ್ನಡ ಕೊಟ್ಟರೆ ನಡುವೆ ಖಾಲಿ ಡಬ್ಬಿಗಳು ಬರುತ್ತವೆ. ಫಾಂಟ್ ತೊಂದರೆಯಾ?
– ಡಿಪ್ಲೊಮಾ ವಿದ್ಯಾರ್ಥಿ, ಕೋಲಾರ

ಫಾಂಟ್ ಪಾಪ, ಅದರದ್ದೇನೂ ತಪ್ಪಿಲ್ಲ. ನೀವು ಅಕ್ಷರದ ಬದಲು ಅದರ ಯೂನಿಕೋಡ್ ನಂಬರಿನಿಂದ (ಕಂಪ್ಯೂಟರ್‌ನಲ್ಲಿ ಪ್ರತಿ ಅಕ್ಷರಕ್ಕೂ ಇರುವ ಸಂಖ್ಯೆ) ಮೂರು ಕಳೆಯುತ್ತಿದ್ದೀರಿ. ಇಂಗ್ಲಿಷ್ ದೊಡ್ಡಕ್ಷರಗಳು 65ರಿಂದ 90ರವರೆಗೆ ಸಾಲಾಗಿ ಕೂತಿವೆ, ಅಲ್ಲಿ ಇದು ನಡೆಯುತ್ತದೆ. ಕನ್ನಡಕ್ಕೆ 3200ರಿಂದ 3327ರವರೆಗೆ ಜಾಗ ಕೊಟ್ಟಿದ್ದಾರೆ. ಆದರೆ ಮಧ್ಯೆ ಮಧ್ಯೆ ಖಾಲಿ ಮನೆಗಳಿವೆ.

ನಿಮ್ಮ ಊರಿನ ಹೆಸರನ್ನೇ ನೋಡಿ. ಕೋಲಾರದ ವ್ಯಂಜನಗಳನ್ನು ವರ್ಣಮಾಲೆಯಲ್ಲಿ ಮೂರು ಮನೆ ಮುಂದೆ ಸರಿಸಿದರೆ ‘ಘೋಷಾಶ’. ನಮಗೆ ಇದು ಮೂರಕ್ಷರ, ಕಂಪ್ಯೂಟರ್‌ಗೆ ಐದು: ಘ, ಓತ್ವ, ಷ, ದೀರ್ಘ, ಶ. ಎಲ್ಲದರಲ್ಲೂ ಮೂರು ಕಳೆಯಿರಿ. ಘ ಹೋಗಿ ಕ ಬಂತು, ಸರಿ. ಓತ್ವ 3275, ಅದು 3272 ಆಗಿ ಐತ್ವವಾಯಿತು. ಷ 3255, ಅದು 3252ಕ್ಕೆ ಹೋಯಿತು. ಆ ಮನೆ ಖಾಲಿ, ಅಲ್ಲೊಂದು ಡಬ್ಬಿ. ದೀರ್ಘ 3262ರಿಂದ 3259ಕ್ಕೆ, ಅದೂ ಖಾಲಿ. ಶ ಹೋಗಿ ರ ಬರಬೇಕಿತ್ತು, ಬಂದದ್ದು ಳ. ಯಾಕೆಂದರೆ ಯೂನಿಕೋಡ್‌ನಲ್ಲಿ ರ ಆದ ಮೇಲೆ ಹಳೆಯ ಱ ಇದೆ, ಳ ಬಂದು ಲ ಪಕ್ಕ ಕೂತಿದೆ. ಕೋಲಾರ ಹೋಗಿ ‘ಕೈ’, ಎರಡು ಡಬ್ಬಿ, ‘ಳ’ ಆಯಿತು!

ಯೂನಿಕೋಡ್ ನಂಬರ್ ಮರೆತುಬಿಡಿ. ಕ ಇಂದ ಳ ತನಕ 34 ವ್ಯಂಜನಗಳನ್ನು ಶಾಲೆಯಲ್ಲಿ ಕಲಿತ ಕ್ರಮದಲ್ಲೇ ಒಂದು ಸ್ಟ್ರಿಂಗ್‌ನಲ್ಲಿ ಟೈಪ್ ಮಾಡಿಟ್ಟುಕೊಳ್ಳಿ. ಬಂದ ಅಕ್ಷರ ಅದರಲ್ಲಿದ್ದರೆ ಅದರ ಸ್ಥಾನದಿಂದ ಕೀಲಿ (ಎಷ್ಟು ಮನೆ ಸರಿಸಿದ್ದಾರೋ ಆ ಸಂಖ್ಯೆ, ಇಲ್ಲಿ ಮೂರು) ಕಳೆದು, 34ರಿಂದ ಭಾಗಿಸಿದ ಶೇಷ ತೆಗೆದುಕೊಳ್ಳಿ. ಆ ಸ್ಥಾನದ ಅಕ್ಷರವೇ ಉತ್ತರ. ಸ್ಟ್ರಿಂಗ್‌ನಲ್ಲಿ ಇಲ್ಲದ್ದು ಏನೇ ಬರಲಿ, ಸ್ವರ, ಗುಣಿತದ ಚಿಹ್ನೆ, ಅನುಸ್ವಾರ, ಒತ್ತಕ್ಷರ ಮಾಡುವ ವಿರಾಮ, ಸುಮ್ನೆ ಹಾಗೇ ಬಿಡಿ. ಎಲ್ಲ ಸೇರಿ ಏಳೆಂಟು ಸಾಲು, ಅಷ್ಟೇ. ಒಂದು ಎಚ್ಚರ: ಸ್ಥಾನ ಸೊನ್ನೆಯಿಂದ ಶುರು, ಹಾಗಾಗಿ ಕ ಬಂದರೆ ಸೊನ್ನೆಯಲ್ಲಿ ಮೂರು ಕಳೆದು ಮೈನಸ್ ಮೂರು. ಶೇಷ ತೆಗೆದರೆ ಪೈಥಾನ್ 31 ಕೊಡುತ್ತದೆ, ಅದು ಸ. ಸಿ ಭಾಷೆ ಮೈನಸ್ ಮೂರನ್ನೇ ವಾಪಸ್ ಕೊಡುತ್ತದೆ. ಅಲ್ಲಿ ಮೊದಲು 34 ಕೂಡಿಸಿಕೊಳ್ಳಬೇಕು.

ಕೀಲಿ ಗೊತ್ತಿಲ್ಲದಿದ್ದರೆ? 1ರಿಂದ 33ರವರೆಗೆ ಲೂಪ್ ಹಾಕಿ ಎಲ್ಲವನ್ನೂ ಪ್ರಿಂಟ್ ಮಾಡಿ. ಅರ್ಥವಾಗುವ ಸಾಲು ಕಣ್ಣಿಗೆ ಬಿದ್ದೇ ಬೀಳುತ್ತದೆ. ಆದರೆ ನನಗೆ ಇಷ್ಟವಾದ ದಾರಿ ಬೇರೆ. ಗೆಳೆಯ ‘ಯಕ್ ಇಷ್ಷ’ ಎಂದು ಕಳಿಸಿದ್ದಾನೆ ಅಂದುಕೊಳ್ಳಿ. ಸ್ವರ ಬದಲಾಗಿಲ್ಲ, ಒತ್ತೂ ಹಾಗೇ ಇದೆ. ‘ಇ’ ಆದ ಮೇಲೆ ಒಂದೇ ಅಕ್ಷರಕ್ಕೆ ಅದೇ ಒತ್ತು ಬಂದು ಮುಗಿಯುವ ಪದ ನಾವು ದಿನಾ ಆಡುವುದು ಯಾವುದು? ಇಲ್ಲ! ಲ ಇಂದ ಷ ತನಕ ಎಣಿಸಿದರೆ ಮೂರು. ಕೀಲಿ ಸಿಕ್ಕಿತು, ‘ಬಸ್ ಇಲ್ಲ’ ಎಂಬ ಸುದ್ದಿಯೂ ಸಿಕ್ಕಿತು. ಇಲ್ಲ, ಅಲ್ಲ, ಎಲ್ಲ, ಬರಲ್ಲ, ಅಲ್ಲಿ: ಕನ್ನಡದಲ್ಲಿ ಲಕ್ಕೆ ಲ ಒತ್ತು ಅಷ್ಟು ಜಾಸ್ತಿ. ಪ್ರೋಗ್ರಾಂ ಕೂಡ ಹೀಗೇ ಮಾಡಬಹುದು. ತನ್ನ ಒತ್ತನ್ನೇ ಹೊತ್ತ ಅಕ್ಷರಗಳನ್ನು ಎಣಿಸಲಿ, ಹೆಚ್ಚು ಸಲ ಬಂದದ್ದನ್ನು ಲ ಎಂದು ಹಿಡಿದು ಕೀಲಿ ಊಹಿಸಲಿ. ಸಾಲು ಉದ್ದವಿದ್ದಷ್ಟೂ ಊಹೆ ಗಟ್ಟಿ. ಇದರಿಂದಲೇ ಗೊತ್ತಾಗುತ್ತದೆ ಅಲ್ವಾ, ಪಾಸ್‌ವರ್ಡ್ ಮುಚ್ಚಿಡಲು ಇದು ನಾಲಾಯಕ್ಕು. ಜೂಲಿಯಸ್ ಸೀಸರ್ ಇದೇ ಮೂರು ಮನೆ ಸರಿಸಿ ಪತ್ರ ಬರೆಯುತ್ತಿದ್ದನಂತೆ, ಅವನ ಕಾಲಕ್ಕೆ ಸಾಕಾಗಿತ್ತು.

ಪ್ರೋಗ್ರಾಂ ತಿದ್ದಿದ ಮೇಲೆ ಪಕ್ಕದ ಚಿಕ್ಕಬಳ್ಳಾಪುರದಿಂದ ಬಂದ ಈ ಸಾಲು ಕೊಟ್ಟು ನೋಡಿ. ಕೀಲಿ ಮೂರಲ್ಲ: ರಂಮಿ ಶೆದ್ದಮಕ್ಕಿ ಡಛಿ ಇಕ್ಕ.