ಫ್ರೆಟ್ ಉಜ್ಜುವ ಮೊದಲು ತಂತಿಯನ್ನು ಅರ್ಧ ಸ್ವರ ಇಳಿಸಿ ನೋಡಿ

ಬಾಸ್ ಗಿಟಾರ್ ರಿಪೇರಿಗೆ ತರುವವರಲ್ಲಿ ಹೆಚ್ಚಿನವರು ರೋಗ ಯಾವುದು, ಔಷಧಿ ಯಾವುದು ಅಂತ ಮೊದಲೇ ತೀರ್ಮಾನಿಸಿಕೊಂಡು ಬಂದಿರುತ್ತಾರೆ. "ಎ ತಂತಿಯಲ್ಲಿ 5ನೇ ಫ್ರೆಟ್ ಒತ್ತಿದ್ರೆ ಜರ್ರ್ ಅನ್ನುತ್ತೆ, ಆ ಫ್ರೆಟ್ ಸ್ವಲ್ಪ ಉಜ್ಜಿಕೊಡಿ" ಅನ್ನುತ್ತಾರೆ. (ಫ್ರೆಟ್ ಅಂದರೆ ಬಾಸ್‌ನ ನೆಕ್, ಅಂದರೆ ಕತ್ತಿನ ಮೇಲೆ ಸಾಲಾಗಿ ಅಡ್ಡ ಕೂರಿಸಿದ ಪಟ್ಟಿ.) 5ನೇ ಫ್ರೆಟ್ ಒತ್ತಿದಾಗ ತಂತಿ ನಡುಗುತ್ತಾ ತಗಲುವುದು 6ನೆಯದಕ್ಕೋ ಅದರಾಚೆಯದಕ್ಕೋ, 5ನೆಯದಕ್ಕಲ್ಲ. ಅದಿರಲಿ. ಅದು ಫ್ರೆಟ್ ಸದ್ದೇ ಅಂತ ನಿಮಗೆ ಹೇಗೆ ಗೊತ್ತಾಯಿತು ಅಂತ ಕೇಳಿದರೆ ಮಾತ್ರ ಯಾರ ಬಳಿಯೂ ಉತ್ತರ ಇರುವುದಿಲ್ಲ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಫ್ರೆಟ್ ಅನ್ನೋದು ಸುಮಾರು 1 ಮಿಲಿಮೀಟರ್‌ನಿಂದ 1.4 ಮಿಲಿಮೀಟರ್ ಎತ್ತರದ ಲೋಹದ ಪಟ್ಟಿ, ಅಷ್ಟೇ. ಉಜ್ಜಿದ ಲೋಹ ಮತ್ತೆ ಬರುವುದಿಲ್ಲ. ಒಬ್ಬ ಹುಡುಗ ಬೇರೆ ಕಡೆ ಎರಡು ಸಲ ಫ್ರೆಟ್ ಉಜ್ಜಿಸಿಕೊಂಡು ನನ್ನ ಹತ್ತಿರ ಬಂದಿದ್ದ. ಸದ್ದು ಹಾಗೇ ಇತ್ತು. ತಂತಿಗಳು ದೇಹದ ಕಡೆ ಕೊನೆಯಾಗುವ ಬ್ರಿಡ್ಜ್ ಮೇಲೆ ಟಾರ್ಚ್ ಹಿಡಿದು ನೋಡಿದೆ. ಅಲ್ಲಿ ಇ ತಂತಿ ಕೂರುವ ಪುಟ್ಟ ತುಂಡು, ಸ್ಯಾಡಲ್‌ಗೆ ಎತ್ತರ ಹೊಂದಿಸುವ ಎರಡು ಪುಟ್ಟ ಸ್ಕ್ರೂ ಇರುತ್ತವಲ್ಲ, ಅವುಗಳಲ್ಲಿ ಒಂದು ತಳದ ತಗಡಿಗೆ ತಾಗಿಯೇ ಇರಲಿಲ್ಲ. ಕೂದಲೆಳೆಯಷ್ಟು ಸಂದು. ಒಂದು ನಿರ್ದಿಷ್ಟ ಸ್ವರ ನುಡಿಸಿದಾಗ ಆ ಸ್ಕ್ರೂ ಅಂಚು ಮಸುಕಾಗುವಷ್ಟು ಜೋರಾಗಿ ನಡುಗುತ್ತಿತ್ತು. ಕಾಲು ಸುತ್ತೂ ಬೇಕಾಗಲಿಲ್ಲ, ಸದ್ದು ನಿಂತಿತು. ಅವನಿಗೆ ಖುಷಿಯಾಯಿತು, ಆಮೇಲೆ ಸವೆದುಹೋದ ಫ್ರೆಟ್‌ಗಳ ಮೇಲೆ ಬೆರಳಾಡಿಸುತ್ತಾ ಸುಮ್ಮನೆ ಕೂತ. ನನಗೆ ನಿಜವಾಗಿ ಸಿಟ್ಟು ಬಂದದ್ದು ಆಗ.

ಹಾಗಾಗಿ ಒಂದೇ ಒಂದು ವಿಷಯ ನಿಧಾನವಾಗಿ ಹೇಳುತ್ತೇನೆ. ಸದ್ದು ಬೆರಳಿಟ್ಟ ಜಾಗಕ್ಕೆ ಅಂಟಿಕೊಂಡಿದೆಯೋ, ಸ್ವರಕ್ಕೆ ಅಂಟಿಕೊಂಡಿದೆಯೋ? ಮೊದಲು ಅದನ್ನು ಪತ್ತೆ ಮಾಡಿ. ಫ್ರೆಟ್ ಎದ್ದಿದ್ದರೆ ಅದು ಎದ್ದಿರುವ ಜಾಗ ಬದಲಾಗುವುದಿಲ್ಲ, ನೀವು ತಂತಿಯನ್ನು ಯಾವ ಶ್ರುತಿಗೆ ಇಟ್ಟರೂ ಅಲ್ಲೇ ತಗಲುತ್ತದೆ. ಸಡಿಲವಾದ ಸ್ಕ್ರೂ, ಸ್ಪ್ರಿಂಗ್, ತಗಡು ಹಾಗಲ್ಲ. ಅದಕ್ಕೆ ತನ್ನದೇ ಒಂದು ಕಂಪನ ಇರುತ್ತದೆ, ಅದಕ್ಕೆ ಹೊಂದುವ ಸ್ವರ ಬಂದಾಗ ಮಾತ್ರ ಅದು ಎದ್ದು ಕುಣಿಯುತ್ತದೆ. ಆ ಸ್ವರ ಯಾವ ಫ್ರೆಟ್‌ನಿಂದ ಬಂತು ಅನ್ನೋದು ಅದಕ್ಕೆ ಬೇಕಿಲ್ಲ.

ಮೇಲೆ ಹೇಳಿದ ದೂರನ್ನೇ ತೆಗೆದುಕೊಳ್ಳಿ. ಎ ತಂತಿಯ 5ನೇ ಫ್ರೆಟ್ ಅಂದರೆ ಡಿ ಸ್ವರ, ಸುಮಾರು 73.4 ಹರ್ಟ್ಜ್. ಈಗ ಎ ತಂತಿಯನ್ನು ಅರ್ಧ ಸ್ವರ ಇಳಿಸಿ, ಅಂದರೆ ಎ ಫ್ಲ್ಯಾಟ್‌ಗೆ. ಮತ್ತೆ 4, 5, 6ನೇ ಫ್ರೆಟ್ ಒಂದೊಂದಾಗಿ ನುಡಿಸಿ. ಸದ್ದು ಇನ್ನೂ 5ರಲ್ಲೇ ಇದ್ದರೆ ಫ್ರೆಟ್ ಅಥವಾ ನೆಕ್ ಮೇಲೆ ಅನುಮಾನ ಪಡಬಹುದು. ಸದ್ದು 6ಕ್ಕೆ ಹೋಗಿದ್ದರೆ? ಈಗ ಡಿ ಸ್ವರ ಇರುವುದು 6ರಲ್ಲಿ, ಅಲ್ವಾ? ಅಂದರೆ ಸದ್ದು ಸ್ವರದ ಬೆನ್ನು ಹತ್ತಿದೆ. ಎಲ್ಲೋ ಏನೋ ಸಡಿಲವಾಗಿದೆ. ಅರ ಕೆಳಗಿಡಿ. ಒಂದು ಎಚ್ಚರಿಕೆ: ತಂತಿ ಇಳಿಸಿದಾಗ ಬಿಗಿ ಕಡಿಮೆಯಾಗಿ ಎಲ್ಲ ಫ್ರೆಟ್‌ನಲ್ಲೂ ಸ್ವಲ್ಪ ಸದ್ದು ಜಾಸ್ತಿಯಾಗಬಹುದು. ಎಷ್ಟು ಜೋರು ಅನ್ನೋದನ್ನು ಬಿಟ್ಟುಬಿಡಿ, ಎಲ್ಲಿ ಅನ್ನೋದನ್ನು ಕೇಳಿ.

ಇನ್ನೊಂದು ಪರೀಕ್ಷೆ, ಅದೇ ಡಿ ಸ್ವರವನ್ನು ಇ ತಂತಿಯ 10ನೇ ಫ್ರೆಟ್‌ನಲ್ಲಿ, ಡಿ ತಂತಿಯನ್ನು ಖಾಲಿ ಬಿಟ್ಟು, ಹೀಗೆ ಬೇರೆ ಬೇರೆ ಕಡೆ ನುಡಿಸುವುದು. ಎಲ್ಲ ಕಡೆಯೂ ಅದೇ ಸದ್ದು ಬಂದರೆ ಅನುಮಾನವೇ ಬೇಡ. ಬರದಿದ್ದರೆ ಮಾತ್ರ ಆತುರದ ತೀರ್ಮಾನಕ್ಕೆ ಬರಬೇಡಿ, ಯಾಕೆಂದರೆ ಒಂದು ಸ್ಯಾಡಲ್ ಸಡಿಲವಾಗಿದ್ದರೆ ಅದು ತನ್ನ ತಂತಿಗೆ ಮಾತ್ರ ನಡುಗುವುದೂ ಉಂಟು. ಅದಕ್ಕೇ ನಾನು ಶ್ರುತಿ ಇಳಿಸುವ ಪರೀಕ್ಷೆಯನ್ನೇ ಹೆಚ್ಚು ನಂಬುವುದು.

ಸಡಿಲವಾದದ್ದನ್ನು ಹುಡುಕಲು ಇಬ್ಬರಿದ್ದರೆ ಸುಲಭ. ಒಬ್ಬರು ಅದೇ ಸ್ವರವನ್ನು ಬಿಡದೆ ನುಡಿಸುತ್ತಿರಬೇಕು, ಇನ್ನೊಬ್ಬರು ಒಂದೊಂದು ಭಾಗದ ಮೇಲೆ ಬೆರಳೊತ್ತುತ್ತಾ ಹೋಗಬೇಕು. ಬೆರಳೊತ್ತಿದ ಕ್ಷಣ ಸದ್ದು ಸತ್ತರೆ ಕಳ್ಳ ಸಿಕ್ಕ ಹಾಗೆ. ಟ್ಯೂನರ್ ಕೀಲಿಯ ಸ್ಕ್ರೂ, ಅದರ ಕಂಬದ ಸುತ್ತಲಿನ ಬಳೆ, ಸ್ಯಾಡಲ್ ಹಿಂದಿನ ಸ್ಪ್ರಿಂಗ್, ಪಿಕಪ್ ಕೆಳಗಿನ ಸ್ಪ್ರಿಂಗ್, ವಾಲ್ಯೂಮ್ ನಾಬ್, ಜ್ಯಾಕ್‌ನ ನಟ್, ಹಿಂಬದಿಯ ಮುಚ್ಚಳ, ಯಾವುದನ್ನೂ ಬಿಡಬೇಡಿ. ನೆಕ್ ತುದಿಯಲ್ಲಿ ತಂತಿ ಕೂರುವ ಪಟ್ಟಿಗೂ (ಇದನ್ನೂ ನಟ್ ಅನ್ನುತ್ತಾರೆ) ಟ್ಯೂನರ್‌ಗೂ ನಡುವೆ ಉಳಿಯುವ ತುಂಡು ತಂತಿ ಕೂಡ ಗುಂಯ್‌ಗುಡುತ್ತದೆ, ಅಲ್ಲಿಗೊಂದು ಬಟ್ಟೆ ತುರುಕಿ ನೋಡಿ. ಎಲ್ಲಿ ಒತ್ತಿದರೂ ಸದ್ದು ನಿಲ್ಲದೆ ನೆಕ್‌ನ ಒಳಗಿಂದಲೇ ಬಂದ ಹಾಗಿದ್ದರೆ ಟ್ರಸ್ ರಾಡ್, ಅಂದರೆ ನೆಕ್‌ನ ಬಾಗು ಹೊಂದಿಸುವ ಒಳಗಿನ ಸರಳು, ಪೂರ್ತಿ ಸಡಿಲವಾಗಿರಬಹುದು. ನೆಕ್ ಹಿಂಬದಿಗೆ ಮುಷ್ಟಿಯಿಂದ ಮೆಲ್ಲಗೆ ಬಡಿದರೆ ಕೆಲವೊಮ್ಮೆ ಕಟಕಟ ಕೇಳಿಸುತ್ತದೆ.

ಎಷ್ಟೋ ಸಲ ಬಾಸ್‌ನಲ್ಲಿ ತಪ್ಪೇ ಇರುವುದಿಲ್ಲ. ಒಬ್ಬರು ಪಾಪ, ತಮ್ಮ ಬಾಸ್ ಹಾಳಾಗಿದೆ ಅಂತ ತುಂಬಾ ಬೇಸರದಲ್ಲಿದ್ದರು, ಮಾರಿಬಿಡುವ ಯೋಚನೆಯೂ ಇತ್ತು. ನನ್ನ ಹತ್ತಿರ ನುಡಿಸಿದರೆ ಆ ಜರ್ರ್ ಸದ್ದೇ ಇಲ್ಲ. ವಿಚಾರಿಸಿದರೆ ಅವರು ಅಭ್ಯಾಸ ಮಾಡುವ ಕೋಣೆಯಲ್ಲಿ ಆಂಪ್ ಪಕ್ಕದಲ್ಲೇ ಸ್ನೇರ್ ಡ್ರಮ್ ಇತ್ತು, ಅದರ ಕೆಳಗಿನ ತಂತಿಗಳು ಬಾಸ್ ಸ್ವರಕ್ಕೆ ಜರ್ರ್ ಅನ್ನುತ್ತಿದ್ದವು. ಕಿಟಕಿ ಗಾಜು, ಸ್ಪೀಕರ್ ಪೆಟ್ಟಿಗೆಯ ಜಾಲರಿ ಕೂಡ ಹೀಗೇ ಮಾಡುತ್ತವೆ. ಆಂಪ್ ಆಫ್ ಮಾಡಿ ನುಡಿಸಿ, ಆಮೇಲೆ ಹೆಡ್‌ಫೋನ್‌ನಲ್ಲಿ ಕೇಳಿ. ಆಂಪ್ ಇಲ್ಲದೆ ಕೇಳಿಸಿ, ಹೆಡ್‌ಫೋನ್‌ನಲ್ಲಿ ಕೇಳಿಸದ ಸಣ್ಣ ಫ್ರೆಟ್ ಸದ್ದನ್ನು ನಾನಾದರೆ ಮುಟ್ಟುವುದಿಲ್ಲ. ತಂತಿ ಮುಟ್ಟಿದಾಗ ಕಡಿಮೆಯಾಗುವ ಗುಂಯ್ ಅನ್ನೋದು ವೈರಿಂಗ್ ವಿಷಯ, ಅದೇ ಬೇರೆ.

ನಿಜಕ್ಕೂ ಸದ್ದು ಫ್ರೆಟ್‌ಗೇ ಅಂಟಿಕೊಂಡಿದೆ ಅಂತಾದರೂ ಮೊದಲು ನೆಕ್ ನೋಡಿ. ಮೊದಲ ಫ್ರೆಟ್ ಮತ್ತು ಕೊನೆಯ ಫ್ರೆಟ್ ಒಟ್ಟಿಗೆ ಒತ್ತಿ ಹಿಡಿದಾಗ 7, 8ನೇ ಫ್ರೆಟ್ ಹತ್ತಿರ ತಂತಿಯ ಕೆಳಗೆ ಸಣ್ಣ ಸಂದು ಇರಬೇಕು. 0.3 ಮಿಲಿಮೀಟರ್ ಆಸುಪಾಸು ಇದ್ದರೆ ಸಾಮಾನ್ಯವಾಗಿ ಸಾಕು, ಜೋರಾಗಿ ನುಡಿಸುವವರಿಗೆ ಸ್ವಲ್ಪ ಜಾಸ್ತಿ ಬೇಕಾಗಬಹುದು. ಸಂದೇ ಇಲ್ಲದಿದ್ದರೆ, ಅದರಲ್ಲೂ ಇತ್ತೀಚೆಗೆ ತೆಳು ತಂತಿ ಹಾಕಿದ್ದರೆ, ಎಳೆತ ಕಡಿಮೆಯಾಗಿ ನೆಕ್ ಹಿಂದಕ್ಕೆ ಬಾಗಿದೆ. ಟ್ರಸ್ ರಾಡ್ ಕಾಲು ಸುತ್ತು ಸಡಿಲಿಸಿ, ಶ್ರುತಿ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ. ರಾಡ್ ಬಿಗಿಯಾಗಿ ಹಿಡಿದಿದ್ದರೆ ಒತ್ತಾಯ ಮಾಡಬೇಡಿ, ಅಲ್ಲಿಗೆ ನಿಲ್ಲಿಸಿ.

ಆಗಲೂ ಹೋಗದಿದ್ದರೆ ಖಂಡಿತ ತನ್ನಿ, ನೋಡೋಣ. ಆದರೆ ತಂತಿ ಬಿಚ್ಚದೆ, ನೀವು ನುಡಿಸುವ ಶ್ರುತಿಯಲ್ಲೇ ತನ್ನಿ. ತಂತಿ ಬಿಚ್ಚಿ ತಂದರೆ ದಾರಿಯಲ್ಲೇ ನೆಕ್ ಬೇರೆ ಆಕಾರಕ್ಕೆ ಹೋಗಿರುತ್ತದೆ, ನಿಮ್ಮನ್ನು ಕಾಡಿದ ಸದ್ದು ನನಗೆ ಕೇಳಿಸುವುದೇ ಇಲ್ಲ.