ಗುಂಡಲ್ಲ, ಗುಂಡಿಯಲ್ಲ, ಕೂರೆ

ಇನ್ನೂರು ವರ್ಷದ ಹಿಂದೆ ಯುರೋಪಿನಲ್ಲಿ ಕಾಲಾಳು ಸಿಪಾಯಿಯಾಗಬೇಕಿದ್ದರೆ ಮುಂದಿನ ಹಲ್ಲು ಗಟ್ಟಿ ಇರಬೇಕಿತ್ತು. ಒಂದು ಸಲಕ್ಕೆ ಬೇಕಾದ ಮದ್ದು, ಗುಂಡು ಎರಡೂ ಕಾಗದದ ಸುರುಳಿಯೊಳಗೆ ಇರುತ್ತಿದ್ದವು. ಒಂದು ಕೈಯಲ್ಲಿ ಬಂದೂಕು, ಇನ್ನೊಂದರಲ್ಲಿ ಸುರುಳಿ. ಹರಿಯೋಕೆ ಉಳಿದದ್ದು ಬಾಯಿ ಮಾತ್ರ. ಕಚ್ಚಿ ಹರಿದು, ಮದ್ದು ಸುರಿದು, ಗುಂಡು ತುರುಕಿ, ಸರಳಿನಿಂದ ಗುದ್ದಿ ಹಾರಿಸಬೇಕು. ಚುರುಕಾದವನು ನಿಮಿಷಕ್ಕೆ ಮೂರು ಸಲ ಹಾರಿಸುತ್ತಿದ್ದ. ಮದ್ದಿನಲ್ಲಿ ಮುಕ್ಕಾಲು ಪಾಲು ಪೆಟ್ಲುಪ್ಪು. ಹತ್ತು ಸುರುಳಿ ಕಚ್ಚುವಷ್ಟರಲ್ಲಿ ತುಟಿಯೆಲ್ಲ ಕಪ್ಪು, ಬಾಯೆಲ್ಲ ಉಪ್ಪು, ತಡೆಯಲಾರದ ಬಾಯಾರಿಕೆ. ಸೈನ್ಯದಿಂದ ತಪ್ಪಿಸಿಕೊಳ್ಳಲು ಹಲ್ಲು ಕಿತ್ತುಕೊಂಡ ಹಳ್ಳಿ ಹುಡುಗರೂ ಇದ್ದರು. ಹಲ್ಲಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಾನು ಹೇಳಹೊರಟಿರುವ ಸಿಪಾಯಿ 1812ರವನು. ನೆಪೋಲಿಯನ್ನನ ಸೈನ್ಯದವನು. (ನಮ್ಮ ಟಿಪ್ಪುವಿಗೆ 1799ರಲ್ಲಿ ಕೈರೋದಿಂದ ಕಾಗದ ಬರೆದಿದ್ದನಲ್ಲ, ಅದೇ ನೆಪೋಲಿಯನ್. ಕಾಗದ ದಾರಿಯಲ್ಲೇ ಇಂಗ್ಲಿಷರ ಕೈಗೆ ಸಿಕ್ಕಿತು.) ಜೂನ್ ಕೊನೆಯಲ್ಲಿ ನೇಮನ್ ನದಿ ದಾಟಿ ರಷ್ಯಾಕ್ಕೆ ಹೊರಟ ಆ ಸೈನ್ಯದಲ್ಲಿ ಫ್ರೆಂಚರಷ್ಟೇ ಅಲ್ಲ, ಜರ್ಮನರು, ಪೋಲರು, ಇಟಾಲಿಯನ್ನರೂ ಇದ್ದರು. ಬೆನ್ನ ಮೇಲೆ ಚೀಲ, ಹೆಗಲ ಮೇಲೆ ನಾಲ್ಕು ಕಿಲೋ ಮೀರಿದ ಬಂದೂಕು, ಮುಂದೆ ಮಾಸ್ಕೋವರೆಗೆ ಸುಮಾರು 900 ಕಿಲೋಮೀಟರ್ ನಡಿಗೆ. ಡಿಸೆಂಬರ್ ಹೊತ್ತಿಗೆ ಆ ಸೈನ್ಯ ಇಲ್ಲವೇ ಇಲ್ಲ ಅನ್ನುವ ಹಾಗಾಗಿತ್ತು.

ಯಾಕೆ ಹಾಗಾಯ್ತು? ಶಾಲೆಯಲ್ಲಿ ನಮ್ಮ ಕೆಮಿಸ್ಟ್ರಿ ಮೇಷ್ಟ್ರು ಒಂದು ಕಥೆ ಹೇಳಿದ್ದರು. ಸೈನಿಕರ ಕೋಟಿನ ಗುಂಡಿಗಳು ತವರದವಂತೆ. ಚಳಿಗೆ ತವರ ಪುಡಿಪುಡಿಯಾಯಿತಂತೆ. ಕೋಟು ಮುಚ್ಚಿಕೊಳ್ಳಲಾಗದೆ ಸೈನ್ಯವೇ ಸತ್ತಿತಂತೆ. ಕಥೆ ಎಷ್ಟು ಚೆನ್ನಾಗಿದೆ ಅಲ್ವಾ? ಈಗಲೂ ಚಳಿಗಾಲ ಬಂದರೆ ಯಾರಾದರೂ ಒಬ್ಬರು ನನಗೆ ಫಾರ್ವರ್ಡ್ ಮಾಡುತ್ತಾರೆ.

ಇದರಲ್ಲಿ ಅರ್ಧ ನಿಜ ಇದೆ, ಅದೇ ತೊಂದರೆ. ಪಾತ್ರೆಗೆ ಕಲಾಯಿ ಹಾಕುವ ಬಿಳಿ ತವರ 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ನಿಧಾನವಾಗಿ ಬೂದು ಪುಡಿಯಾಗಬಲ್ಲದು. ಉತ್ತರ ಯುರೋಪಿನ ಚರ್ಚುಗಳಲ್ಲಿ ಆರ್ಗನ್ ವಾದ್ಯದ ಕೊಳವೆಗಳು ಹೀಗೆ ಉದುರಿದ್ದುಂಟು. ಅದು ದೆವ್ವದ ಕೆಲಸ ಅಂತ ಜನ ಹೆದರಿದ್ದೂ ಉಂಟು. ಆದರೆ ಇದು ಒಂದು ರಾತ್ರಿಯ ಕೆಲಸ ಅಲ್ಲ. ಶುದ್ಧ ತವರ ಬೇಕು, ತಿಂಗಳುಗಟ್ಟಲೆ ಚಳಿ ಬೇಕು. ಒಂಚೂರು ಸೀಸ ಬೆರೆತಿದ್ದರೂ ತವರ ಸುಲಭಕ್ಕೆ ಪುಡಿಯಾಗುವುದಿಲ್ಲ. ಮೇಲಾಗಿ ಫ್ರೆಂಚ್ ಕಾಲಾಳುಗಳಲ್ಲಿ ಹೆಚ್ಚಿನವರ ಗುಂಡಿ ಹಿತ್ತಾಳೆಯದು.

ಚಳಿಯೇ ಕೊಂದಿತು ಅನ್ನುವವರಿಗೆ ಮಿನಾರ್ ಎಂಬ ಫ್ರೆಂಚ್ ಎಂಜಿನಿಯರ್ 1869ರಲ್ಲಿ ಬರೆದ ನಕ್ಷೆಯನ್ನು ತೋರಿಸಬೇಕು. ಅದರಲ್ಲಿ ಸೈನ್ಯ ಒಂದು ಪಟ್ಟಿ. ಜನ ಎಷ್ಟೋ, ಪಟ್ಟಿ ಅಷ್ಟು ಅಗಲ. ಹೊರಡುವಾಗ 4,22,000. ಮಾಸ್ಕೋದಲ್ಲಿ 1,00,000. ವಾಪಸು ನದಿ ದಾಟಿದವರು 10,000. ಕೆಳಗೆ ಚಳಿಯ ಗೆರೆಯೂ ಇದೆ, ಆದರೆ ಅದು ವಾಪಸು ದಾರಿಗೆ ಮಾತ್ರ. ಹೋಗುವ ದಾರಿಯಲ್ಲೇ, ಸುಡುವ ಬೇಸಿಗೆಯಲ್ಲೇ, ಪಟ್ಟಿ ಸೊರಗಿಬಿಟ್ಟಿದೆ. ಕೆಲವು ತುಕಡಿಗಳನ್ನು ದಾರಿಯಲ್ಲಿ ಕಾವಲಿಗೆ ಬಿಟ್ಟಿದ್ದರು, ಒಪ್ಪೋಣ. ಉಳಿದವರು? ದೊಡ್ಡ ಯುದ್ಧ ಅಂತ ನಡೆದ ಬೊರೊಡಿನೊ ಕದನ ಸೆಪ್ಟೆಂಬರ್ 7ಕ್ಕೆ. ಜನ ಕರಗಿದ್ದು ಅದಕ್ಕೂ ಮುಂಚೆ. ಭೇದಿ, ಹಸಿವು, ಜ್ವರ, ಓಡಿಹೋದವರು. ಮತ್ತೆ ಕೂರೆ.

ಕೂರೆ ಅಂದರೆ ಹೇನಲ್ಲ. ನಮ್ಮಜ್ಜಿ ಸೀರಣಿಗೆ ಹಿಡಿದು ಬೇಟೆಯಾಡುತ್ತಿದ್ದದ್ದು ಹೇನು. ಅದರ ಮನೆ ತಲೆಗೂದಲು. ಕೂರೆಯ ಮನೆ ಬಟ್ಟೆ. ಹೊಲಿಗೆಯ ಮಡಿಕೆಯಲ್ಲಿ ಇರುತ್ತದೆ, ಅಲ್ಲೇ ಮೊಟ್ಟೆ ಇಡುತ್ತದೆ. ದಿನಕ್ಕೆ ನಾಲ್ಕೈದು ಸಲ ಮೈಗೆ ಬಂದು ರಕ್ತ ಕುಡಿದು ವಾಪಸು ಹೋಗುತ್ತದೆ. ಹೋಟೆಲಿನಲ್ಲಿ ಉಂಡು ರೂಮಿಗೆ ಹೋಗಿ ಮಲಗುವ ಬ್ರಹ್ಮಚಾರಿಯ ಹಾಗೆ. ಎರಡಕ್ಕೂ ಬೇರೆ ಬೇರೆ ಹೆಸರಿಟ್ಟ ಕನ್ನಡದ ಹಿರಿಯರ ಮೇಲೆ ನನಗೆ ಬಹಳ ಅಭಿಮಾನ. ಯಾಕೆಂದರೆ ಟೈಫಸ್ ರೋಗದ ಗುಟ್ಟೆಲ್ಲ ಈ ವ್ಯತ್ಯಾಸದಲ್ಲೇ ಇದೆ. (ಟೈಫಸ್ ಬೇರೆ, ಟೈಫಾಯ್ಡ್ ಬೇರೆ. ಟೈಫಾಯ್ಡ್ ನೀರು, ಊಟದಿಂದ. ಟೈಫಸ್ ಕೂರೆಯಿಂದ. ದಯವಿಟ್ಟು ಕಲೆಸಬೇಡಿ.)

ಕೂರೆ ಕಚ್ಚಿದ್ದರಿಂದ ಟೈಫಸ್ ಬರುವುದಿಲ್ಲ. ಬ್ಯಾಕ್ಟೀರಿಯಾ ಇರುವುದು ಅದರ ಹಿಕ್ಕೆಯಲ್ಲಿ. ಕಚ್ಚಿದ ಜಾಗ ತುರಿಸುತ್ತದೆ, ನಾವು ಕೆರೆದುಕೊಳ್ಳುತ್ತೇವೆ, ಹಿಕ್ಕೆ ಗಾಯದೊಳಗೆ ಹೋಗುತ್ತದೆ. ಕಳ್ಳ ಬಾಗಿಲು ಒಡೆಯಲೇ ಇಲ್ಲ, ನಾವೇ ತೆಗೆದುಕೊಟ್ಟೆವು. ಒಂದೆರಡು ವಾರಗಳಲ್ಲಿ ಜ್ವರ ನಲವತ್ತು ಡಿಗ್ರಿಗೆ ಏರುತ್ತದೆ. ಕೂರೆಗೆ ಅಷ್ಟು ಬಿಸಿ ಸೇರುವುದಿಲ್ಲ. ಮನೆ ಹೊತ್ತಿಕೊಂಡರೆ ಬಾಡಿಗೆಯವರು ಕೂತಿರುತ್ತಾರೆಯೇ? ಪಕ್ಕದ ಮೈಗೆ ಹೊರಡುತ್ತದೆ. ಜ್ವರ ಇಳಿಯದೆ ಸಿಪಾಯಿ ಸತ್ತುಹೋದ ಅನ್ನಿ. ಹೆಣ ತಣ್ಣಗಾಗುತ್ತದೆ. ಆಗಲೂ ಹೊರಡುತ್ತದೆ. ಬಸ್ಸು ಕೆಟ್ಟರೆ ಹಿಂದಿನ ಬಸ್ಸು ಹತ್ತುವುದಿಲ್ಲವೇ, ಹಾಗೆ. ಅಂದರೆ ಗಟ್ಟಿಮುಟ್ಟಾದ ಮೈಯಲ್ಲಿ ಕೂರೆ ಸುಮ್ನೆ ಇರುತ್ತದೆ. ರೋಗದ ಮೈಯಿಂದಲೇ ಗುಳೆ ಏಳುತ್ತದೆ, ಬ್ಯಾಕ್ಟೀರಿಯಾದ ಗಂಟನ್ನೂ ಜೊತೆಗೆ ಒಯ್ಯುತ್ತದೆ. ಆ ಗಂಟು ಅದನ್ನೂ ಬಿಡುವುದಿಲ್ಲ. ಕರುಳು ಒಡೆದು, ಮೈ ಕೆಂಪಾಗಿ, ಕೂರೆಯೂ ಸಾಯುತ್ತದೆ.

ಇದಕ್ಕೆ ರೆಕ್ಕೆ ಇಲ್ಲ, ಜಿಗಿಯಲೂ ಬಾರದು. ಪಕ್ಕದ ಮೈಗೆ ಹೋಗಬೇಕಾದರೆ ಎರಡು ಬಟ್ಟೆ ಒಂದಕ್ಕೊಂದು ತಾಗಬೇಕು. ಚಳಿಯ ನಿಜವಾದ ಪಾತ್ರ ಬರುವುದು ಇಲ್ಲಿ. ಚಳಿ ಸಿಪಾಯಿಗಳನ್ನು ಒಬ್ಬರ ಮೈಗೆ ಒಬ್ಬರು ಅಂಟಿಕೊಂಡು ಮಲಗಿಸಿತು. ವಾರಗಟ್ಟಲೆ ಅಂಗಿ ಬಿಚ್ಚದ ಹಾಗೆ ಮಾಡಿತು. ಸತ್ತವನ ಕೋಟನ್ನು ಬದುಕಿದ್ದವನಿಗೆ ತೊಡಿಸಿತು. ಚಳಿಯೂ ಕೊಂದಿತು, ಸುಳ್ಳಲ್ಲ. ಆದರೆ ಕೂರೆಗೆ ಅದು ಸೇತುವೆ ಕಟ್ಟಿಕೊಟ್ಟದ್ದನ್ನು ಯಾರೂ ಹೇಳುವುದಿಲ್ಲ.

ಆ ದಂಡಿನಲ್ಲಿದ್ದ ಬೂರ್ಗೋನ್ ಎಂಬ ಸಾರ್ಜೆಂಟ್ ಒಂದು ರಾತ್ರಿಯ ಅನುಭವ ಬರೆದಿಟ್ಟಿದ್ದಾನೆ. ಚಾಪೆಯ ಮೇಲೆ ಮಲಗಿದ್ದ. ಮೈಯೆಲ್ಲ ಹರಿದಾಡಿದಂತಾಗಿ ಎಚ್ಚರವಾಯಿತು. ನೋಡಿದರೆ ತುಂಬ ಕೂರೆ. ಎದ್ದವನೇ ಅಂಗಿ, ಪ್ಯಾಂಟು ಎರಡನ್ನೂ ಕಿತ್ತು ಬೆಂಕಿಗೆ ಹಾಕಿದ. ಎರಡು ಸಾಲು ಸಿಪಾಯಿಗಳು ಒಟ್ಟಿಗೆ ಬಂದೂಕು ಹಾರಿಸಿದ ಹಾಗೆ ಚಟಪಟ ಸದ್ದು ಬಂತಂತೆ.

ಕೂರೆಗೆ ಹೆದರಿ ಸೀರೆ ಬಿಸಾಡಿದಳಂತೆ ಅಂತ ನಮ್ಮಲ್ಲಿ ಗಾದೆ. ದಡ್ಡತನಕ್ಕೆ ಅದೊಂದು ಉದಾಹರಣೆ. ಆದರೆ ಅವಳು ಮಾಡಿದ್ದೇ ಸರಿ! ಸಾರ್ಜೆಂಟ್ ಮಾಡಿದ್ದೂ ಸರಿ. ಅದು ಯಾಕೆ ಸರಿ ಅಂತ ವಿಜ್ಞಾನಕ್ಕೆ ತಿಳಿಯಲು ಇನ್ನೂ ಸುಮಾರು ನೂರು ವರ್ಷ ಬೇಕಾಯಿತು. ಕೆಟ್ಟ ಗಾಳಿಯಿಂದ ಜ್ವರ ಬರುತ್ತದೆ ಅಂತ ಆಗಿನ ವೈದ್ಯರು ನಂಬಿದ್ದರು. ಉತ್ತರ ಆಫ್ರಿಕಾದ ಟ್ಯುನಿಸ್ ಊರಿನ ಆಸ್ಪತ್ರೆಯಲ್ಲಿ ಶಾರ್ಲ್ ನಿಕೊಲ್ ಎಂಬ ಫ್ರೆಂಚ್ ವೈದ್ಯರು ಒಂದು ವಿಚಿತ್ರ ಗಮನಿಸಿದರು. ಬಾಗಿಲಲ್ಲಿ ರೋಗಿಗಳ ಬಟ್ಟೆ ಬಿಚ್ಚಿಸಿಕೊಳ್ಳುವವರಿಗೆ, ಆ ಬಟ್ಟೆ ಒಗೆಯುವವರಿಗೆ ಟೈಫಸ್ ಬರುತ್ತಿತ್ತು. ಸ್ನಾನ ಮಾಡಿ, ಆಸ್ಪತ್ರೆ ಬಟ್ಟೆ ತೊಟ್ಟು ಒಳಗೆ ಮಲಗಿದ ಅದೇ ರೋಗಿಯಿಂದ ಯಾರಿಗೂ ಬರುತ್ತಿರಲಿಲ್ಲ. ರೋಗ ಹೊಸ್ತಿಲಲ್ಲೇ, ಬಟ್ಟೆಯ ಜೊತೆಗೇ ಉಳಿದುಬಿಡುತ್ತಿತ್ತು. 1909ರಲ್ಲಿ ಮಂಗಗಳ ಮೇಲೆ ಪ್ರಯೋಗ ಮಾಡಿ ಕೂರೆಯೇ ಕಾರಣ ಅಂತ ತೋರಿಸಿದರು. 1928ರಲ್ಲಿ ನೊಬೆಲ್ ಬಂತು. ಟೈಫಸ್ ಹುಡುಕಲು ಹೋಗಿ ಟೈಫಸ್‌ನಿಂದಲೇ ಸತ್ತವರು ರಿಕೆಟ್ಸ್ ಮತ್ತು ಪ್ರೊವಾಜೆಕ್. ಆ ಬ್ಯಾಕ್ಟೀರಿಯಾಕ್ಕೆ ಇಬ್ಬರ ಹೆಸರನ್ನೂ ಇಟ್ಟಿದ್ದಾರೆ.

ಈಗ ಹಲ್ಲು. 2001ರಲ್ಲಿ ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ ಕಟ್ಟಡಕ್ಕೆ ನೆಲ ಅಗೆಯುವಾಗ ರಾಶಿ ರಾಶಿ ಅಸ್ಥಿಪಂಜರ ಸಿಕ್ಕವು. ಮೂರು ಸಾವಿರಕ್ಕೂ ಜಾಸ್ತಿ. ಜಾಗ ಹಳೆಯ ಸೋವಿಯತ್ ಸೇನಾ ನೆಲೆ. ಸ್ಟಾಲಿನ್ ಕಾಲದ ಕೊಲೆಗಳಿರಬೇಕು ಅಂತ ಮೊದಲು ಅಂದುಕೊಂಡರು. ಆಮೇಲೆ ನೆಪೋಲಿಯನ್ನನ ಮುಖವಿದ್ದ ನಾಣ್ಯ ಸಿಕ್ಕಿತು. ರೆಜಿಮೆಂಟಿನ ನಂಬರು ಕೊರೆದ ಗುಂಡಿಗಳು ಸಿಕ್ಕವು. ಹೌದು, ಗುಂಡಿಗಳು. ಪುಡಿಯಾಗಿರಲಿಲ್ಲ. ನಂಬರು ಓದಲು ಬರುತ್ತಿತ್ತು.

ಹಲ್ಲಿನ ಒಳಗಿನ ತಿರುಳಿಗೆ ರಕ್ತ ಹರಿಯುತ್ತದೆ. ಸಾಯುವಾಗ ರಕ್ತದಲ್ಲಿ ಏನಿತ್ತೋ ಅದರ ಡಿಎನ್‌ಎ ಉಪ್ಪಿನಕಾಯಿ ಭರಣಿಯಲ್ಲಿ ಇಟ್ಟಂತೆ ಅಲ್ಲೇ ಉಳಿಯಬಹುದು. ಫ್ರಾನ್ಸಿನ ಮಾರ್ಸೇಯ ವಿಜ್ಞಾನಿಗಳು 35 ಸಿಪಾಯಿಗಳ ಹಲ್ಲು ಪರೀಕ್ಷಿಸಿ 2006ರಲ್ಲಿ ಫಲಿತಾಂಶ ಹೇಳಿದರು. ಮೂವರಲ್ಲಿ ಟೈಫಸ್, ಏಳು ಜನರಲ್ಲಿ ಕೂರೆಯೇ ಹರಡುವ ಇನ್ನೊಂದು ಜ್ವರ. ಮಣ್ಣಿನಲ್ಲಿ ಕೂರೆಗಳ ಚೂರುಗಳೂ ಇದ್ದವು. 2025ರಲ್ಲಿ ಪ್ಯಾರಿಸ್‌ನ ಪಾಸ್ಚರ್ ಸಂಸ್ಥೆಯವರು ಬೇರೆ 13 ಜನರ ಹಲ್ಲು ನೋಡಿದಾಗ ಟೈಫಸ್ ಸಿಗಲಿಲ್ಲ. ಇಬ್ಬರಲ್ಲಿ ಮರುಕಳಿಸುವ ಜ್ವರ ಸಿಕ್ಕಿತು, ಅದೂ ಕೂರೆಯದೇ. ನಾಲ್ವರಲ್ಲಿ ಪ್ಯಾರಾಟೈಫಾಯ್ಡ್. ಅದು ಊಟ, ನೀರಿನ ದಾರಿ. ಸೈನ್ಯದ ವೈದ್ಯ ಕಿರ್ಕಾಫ್ ಬರೆದಿದ್ದ: ಓರ್ಶಾ ಊರಿನಿಂದ ವಿಲ್ನಾವರೆಗೆ (ಈಗಿನ ವಿಲ್ನಿಯಸ್) ಹೆಚ್ಚುಕಡಿಮೆ ಪ್ರತಿ ಮನೆಯಲ್ಲೂ ಉಪ್ಪು ಹಾಕಿದ ಬೀಟ್‌ರೂಟಿನ ಪೀಪಾಯಿ ಇತ್ತು, ಬಾಯಾರಿದವರು ಅದರ ರಸ ಕುಡಿದು ಹೊಟ್ಟೆ ಕೆಡಿಸಿಕೊಂಡರು ಅಂತ. ಯಾರಿಗೆ ಏನು ಎಲ್ಲಿಂದ ಬಂತೋ ಹಲ್ಲು ಹೇಳುವುದಿಲ್ಲ. ಒಂದೇ ಮೈಗೆ ಎರಡು ಮೂರು ರೋಗ ಬಂದಿರಲಿಕ್ಕೂ ಸಾಕು.

ಮೂಳೆಗಳನ್ನು ವಿಲ್ನಿಯಸ್‌ನ ಅಂಟಾಕಲ್ನಿಸ್ ಸ್ಮಶಾನದಲ್ಲಿ ಮತ್ತೆ ಮಣ್ಣು ಮಾಡಿದರು. ಕೆಲವರ ಹಲ್ಲುಗಳು ಮಾತ್ರ ಫ್ರಾನ್ಸಿಗೆ ಬಂದು ಮುಟ್ಟಿದವು.