ಸತ್ತವರಲ್ಲಿ ಗಂಡಸರು ಜಾಸ್ತಿ ಅಂದರೆ ಅಪಾಯವೂ ಅವರಿಗೇ ಜಾಸ್ತಿಯಾ?

ಸಾಂಕ್ರಾಮಿಕ ರೋಗಗಳ ಪಾಠದಲ್ಲಿ ತುಂಬಾ ಜನ ಎಡವುವ ಜಾಗ ಇದು. ಮೊದಲು ಸುಲಭದ ವಿಷಯ ಮುಗಿಸಿಬಿಡೋಣ: ವಯಸ್ಸು.

ಕೋವಿಡ್‌ನಲ್ಲಿ ವಯಸ್ಸಿನ ಜೊತೆ ಅಪಾಯ ಪಟ್ಟು ಪಟ್ಟಾಗಿ ಏರಿತು. ಲಸಿಕೆ ಬರುವ ಮುಂಚೆ, ಹೆಚ್ಚಾಗಿ ಶ್ರೀಮಂತ ದೇಶಗಳ ಅಂಕಿ ಹಿಡಿದು ಮಾಡಿದ ಅಂದಾಜು ನೋಡಿ. ಸೋಂಕು ತಗುಲಿದ 55 ವರ್ಷದವರಲ್ಲಿ ಸಾವು ಶೇ. 0.4. 65ರಲ್ಲಿ ಶೇ. 1.4, 75ರಲ್ಲಿ ಶೇ. 4.6, 85ರಲ್ಲಿ ಶೇ. 15. ಹತ್ತು ವರ್ಷ ದಾಟಿದರೆ ಮೂರು ಪಟ್ಟಿಗೂ ಜಾಸ್ತಿ! 10 ವರ್ಷದ ಮಗುವಿಗೆ ಬರೀ ಶೇ. 0.002.

ಈಗ ಗಂಡು-ಹೆಣ್ಣಿನ ಲೆಕ್ಕ. ಇಲ್ಲಿ ನಿಧಾನವಾಗಿ ಓದಿ. 2020ರ ಮೇ ತಿಂಗಳವರೆಗಿನ ಭಾರತದ ಅಂಕಿಗಳನ್ನು ಕೆಲವು ಸಂಶೋಧಕರು ಬಿಡಿಸಿ ನೋಡಿದರು. ಪತ್ತೆಯಾದ ಸೋಂಕಿತರಲ್ಲಿ ಶೇ. 66 ಗಂಡಸರು, ಶೇ. 34 ಹೆಂಗಸರು. ಸೋಂಕಿತ ಗಂಡಸರಲ್ಲಿ ಸತ್ತವರು ಶೇ. 2.9, ಹೆಂಗಸರಲ್ಲಿ ಶೇ. 3.3. ಸಾವಿರ ಸೋಂಕಿತರನ್ನು ಇಟ್ಟುಕೊಂಡು ಲೆಕ್ಕ ಹಾಕಿ. 660 ಗಂಡಸರಲ್ಲಿ ಸುಮಾರು 19 ಸಾವು, 340 ಹೆಂಗಸರಲ್ಲಿ ಸುಮಾರು 11. ಒಟ್ಟು ಸಾವಿನಲ್ಲಿ ಗಂಡಸರದ್ದೇ ದೊಡ್ಡ ಪಾಲು. ಆದರೆ ಸೋಂಕು ಪತ್ತೆಯಾದ ಮೇಲೆ ಸಾಯುವ ಪ್ರಮಾಣ ಹೆಂಗಸರಲ್ಲೇ ಕೊಂಚ ಹೆಚ್ಚು. ಎರಡೂ ನಿಜ, ಅಲ್ವಾ? ಒಂದು ಪಾಲು, ಇನ್ನೊಂದು ಪ್ರಮಾಣ. ಪರೀಕ್ಷೆಯಲ್ಲಿ ಇವೆರಡನ್ನು ಬೆರೆಸಿ ಬರೆದರೆ ಇಡೀ ಉತ್ತರ ದಾರಿ ತಪ್ಪುತ್ತದೆ.

ಹಾಗಂತ ಹೆಂಗಸರ ದೇಹವೇ ಸೂಕ್ಷ್ಮ ಅಂತ ತೀರ್ಮಾನಿಸಬೇಡಿ. ಛೇದದಲ್ಲಿ, ಅಂದರೆ ಸಾವನ್ನು ಭಾಗಿಸುವ ಕೆಳಗಿನ ಸಂಖ್ಯೆಯಲ್ಲಿ, ಇರುವುದು ಟೆಸ್ಟ್‌ನಲ್ಲಿ ಸೋಂಕು ಪತ್ತೆಯಾದವರು ಮಾತ್ರ. ಸಣ್ಣ ಜ್ವರಕ್ಕೆ ಹೆಂಗಸರು ಟೆಸ್ಟ್‌ಗೆ ಹೋಗದಿದ್ದರೆ ಅವರ ಛೇದ ಕುಗ್ಗುತ್ತದೆ, ಸಾವಿನ ಪ್ರಮಾಣ ಏರಿದಂತೆ ಕಾಣುತ್ತದೆ. ಜಗತ್ತಿನ ಹಲವು ದೇಶಗಳ 30 ಲಕ್ಷಕ್ಕೂ ಹೆಚ್ಚು ಪ್ರಕರಣ ಒಟ್ಟು ಸೇರಿಸಿದಾಗ ಚಿತ್ರ ಬೇರೆಯೇ. ಸೋಂಕು ಇಬ್ಬರಿಗೂ ಹೆಚ್ಚುಕಡಿಮೆ ಸಮ. ಗಂಡಸರು ಐಸಿಯು ಸೇರುವ ಸಾಧ್ಯತೆ ಸುಮಾರು 2.8 ಪಟ್ಟು, ಸಾಯುವ ಸಾಧ್ಯತೆ ಸುಮಾರು 1.4 ಪಟ್ಟು. ವೈರಸ್ಸನ್ನು ಗುರುತಿಸುವ ಟಿಎಲ್‌ಆರ್7 ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದೆ. ಹೆಂಗಸರಿಗೆ ಎಕ್ಸ್ ಎರಡು, ಗಂಡಸರಿಗೆ ಒಂದೇ. ಇದು ಒಂದು ಕಾರಣ ಇರಬಹುದು. ಬೀಡಿ, ಸಿಗರೇಟು, ಹೃದ್ರೋಗವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇದೆಲ್ಲ ಎಲ್ಲ ಸಾಂಕ್ರಾಮಿಕಕ್ಕೂ ಒಪ್ಪುವ ನಿಯಮ ಅಲ್ಲ. 1918ರ ಇನ್‌ಫ್ಲುಯೆಂಜಾ ಹಸುಗೂಸು, ಮುದುಕರ ಜೊತೆಗೆ 20ರಿಂದ 40ರ ಗಟ್ಟಿಮುಟ್ಟಾದವರನ್ನೂ ಕೊಂದಿತು. ಅಮೆರಿಕದಲ್ಲಿ ಗಂಡಸರು ಹೆಚ್ಚು ಸತ್ತರೆ, ಭಾರತದಲ್ಲಿ ಹೆಂಗಸರು. ಅದೇ ರೋಗ, ಅದೇ ವರ್ಷ! 1911ರಿಂದ 1921ರ ನಡುವೆ ನಮ್ಮ ದೇಶದ ಜನಸಂಖ್ಯೆಯೇ ಇಳಿಯಿತು. 1918ರಲ್ಲಿ ಇಲ್ಲಿ ಮಳೆಯೂ ಕೈಕೊಟ್ಟಿತ್ತು. ರೋಗಿಗಳ ಪಕ್ಕ ಕೂತು ಆರೈಕೆ ಮಾಡಿದವರು ಹೆಂಗಸರು, ಇದ್ದಬದ್ದ ಊಟದಲ್ಲಿ ಕೊನೆಗೆ ಉಳಿದದ್ದನ್ನು ಉಂಡವರೂ ಅವರೇ. ಈ ವ್ಯತ್ಯಾಸಕ್ಕೆ ಇತಿಹಾಸಕಾರರು ಕೊಡುವ ಮುಖ್ಯ ಕಾರಣಗಳು ಇವು. ನನಗೆ ಇವೇ ಸರಿ ಅನಿಸುತ್ತವೆ, ಏಕೆಂದರೆ ಎಕ್ಸ್ ಕ್ರೋಮೋಸೋಮು ಅಮೆರಿಕದ ಹೆಂಗಸರಿಗೂ ಎರಡೇ ಇದ್ದವು.